ದುಭಾಷಿ ಹೇಳಿದ್ದು

ಕೋರ್ಟಿನೊಳಗೆ ಎಲ್ಲರಿಗೂ ಒಂದೊಂದು ಆಸರೆ ಇತ್ತು, ದುಭಾಷಿ ಚಿಕ್ಕಮಾದುವಿಗೆ ಮಾತ್ರ ಇರಲಿಲ್ಲ. ಮ್ಯಾಜಿಸ್ಟ್ರೇಟರಿಗೆ ಎತ್ತರದ ಕುರ್ಚಿ, ಗುಮಾಸ್ತನಿಗೆ ಬೆತ್ತದ ಕುರ್ಚಿ, ವಕೀಲರಿಗೆ ಬೆಂಚು. ಆರೋಪಿಗಳಿಗೂ ಒರಗಿಕೊಳ್ಳಲು ಕಟಕಟೆಯ ಮರವಿತ್ತು. ಸಾಕ್ಷಿಗೂ ಮ್ಯಾಜಿಸ್ಟ್ರೇಟರಿಗೂ ನಡುವೆ ಬರಿ ನೆಲದ ಮೇಲೆ ನಿಂತು, ಕಾಡಿನವರ ಕನ್ನಡವನ್ನು ಮಲಯಾಳಕ್ಕೂ ಕೋರ್ಟಿನ ಮಲಯಾಳವನ್ನು ಕಾಡಿನವರ ಕನ್ನಡಕ್ಕೂ ದಾಟಿಸುವುದು ಅವನ ಪಾಲಿಗೆ ಬಂದ ಕೆಲಸ. ತಲೆ ನರೆಯುವವರೆಗೂ ಅದನ್ನೇ ಮಾಡಿದ್ದ. ಈಗೀಗ ಮಧ್ಯಾಹ್ನದ ಹೊತ್ತಿಗೆ ಮೊಣಕಾಲು ಹಿಡಿದುಕೊಳ್ಳುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಬಾಯಿ ಸೋಲುತ್ತಿತ್ತು. ಮನೆಗೆ ಬಂದು ಊಟಕ್ಕೆ ಕೂತರೆ ಹೆಂಡತಿಯ ಹತ್ತಿರ ಎರಡು ಮಾತಾಡಲೂ ಬೇಸರ.

"ದಿನವಿಡೀ ಊರೋರ ಮಾತು ಹೊತ್ಕೊಂಡು ತಿರುಗ್ತೀರ. ಮನೆಗೆ ಬಂದಾಗ ನಿಮ್ದು ಅಂತ ಒಂದೂ ಉಳ್ದಿರಲ್ಲ" ಎಂದು ಮಲ್ಲಿಗಮ್ಮ ಗೊಣಗುತ್ತಿದ್ದಳು. ಅವಳು ಹೇಳುವುದರಲ್ಲಿ ಸುಳ್ಳೇನೂ ಇರಲಿಲ್ಲ.

ಅವನ ತಾತ ಕಬಿನಿ ದಾಟಿ ಮಲಯಾಳದ ಸೀಮೆಗೆ ಬಂದು ಮುಳ್ಳನ್‌ಕೊಲ್ಲಿಯಲ್ಲಿ ಮೆಣಸಿನ ಬಳ್ಳಿ ಹಬ್ಬಿಸಿದವನು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮಲಯಾಳ, ತೋಟದ ಕೆಲಸಕ್ಕೆ ಬರುತ್ತಿದ್ದ ಕಾಡಿನ ಜನರ ಬಾಯಲ್ಲಿ ಎರಡೂ ಕಲಸಿದ ಇನ್ನೊಂದು ಮಾತು. ಮೂರೂ ಅವನಿಗೆ ಹಾಲು ಕುಡಿದಷ್ಟು ಸುಲಭವಾಗಿ ಬಂದಿದ್ದವು. ಕೋರ್ಟಿನಲ್ಲಿ ಅವನದು ಒಂದೇ ನೇಮ. ಸಾಕ್ಷಿ ಏನು ಹೇಳಿದನೋ ಅದು, ಹೇಳಿದಷ್ಟೇ. ಬೈದರೆ ಬೈಗುಳವನ್ನೇ ದಾಟಿಸುವುದು, ತಡವರಿಸಿದರೆ ತಡವರಿಸಿದ ಹಾಗೆಯೇ ಹೇಳುವುದು. "ಸಾಕ್ಷಿ ಹೇಳುತ್ತಾನೆ" ಎಂದು ಶುರು ಮಾಡಿದರೆ ಮುಂದೆ ಬರುವುದರಲ್ಲಿ ಚಿಕ್ಕಮಾದುವಿನದು ಎನ್ನುವಂಥದು ಎಳ್ಳಷ್ಟೂ ಇರುತ್ತಿರಲಿಲ್ಲ. ಹಾಗಾಗಿ ಆ ಕೋರ್ಟಿನ ಕಾಗದಗಳ ರಾಶಿಯಲ್ಲಿ ಅವನ ಹೆಸರು ಎಲ್ಲಿಯೂ ಸಿಗುತ್ತಿರಲಿಲ್ಲ. ಅದು ತನ್ನ ಕೆಲಸ ಚೆನ್ನಾಗಿದೆ ಎನ್ನುವುದಕ್ಕೆ ಗುರುತು ಎಂದು ಅವನು ತಿಳಿದಿದ್ದ.

ಆ ವರ್ಷಗಳಲ್ಲಿ ಕೋರ್ಟಿಗೆ ಬಿಡುವೇ ಇರಲಿಲ್ಲ. ತಿರುನೆಲ್ಲಿಯ ಕಡೆಯ ಕಾಡಿನಲ್ಲಿ ಓದಿದ ಹುಡುಗರು ಬಂದು ಸೇರಿದ್ದಾರೆ, ರಾತ್ರಿ ಕಾಡಿನವರ ಗುಡಿಸಲುಗಳ ಕುಡಿಗಳಿಗೆ ಬಂದು ಹೊಲ ಉಳುವವರದು ಎಂದು ಪಾಠ ಹೇಳುತ್ತಾರೆ ಎಂದು ಜಮೀನಿನ ಒಡೆಯರಾದ ಜನ್ಮಿಗಳು ನಿದ್ದೆಗೆಟ್ಟಿದ್ದರು. ಎಲ್ಲಿ ಒಂದು ಬೇಲಿ ಮುರಿದರೂ ನಕ್ಸಲೀಯರು ಮುರಿದರು ಎಂದೇ ದೂರು. ಹೀಗಿರುವಾಗ ಒಂದು ಸುಗ್ಗಿಯಲ್ಲಿ, ಕೂಲಿ ಭತ್ತವನ್ನು ಅಳೆದುಕೊಡದೆ ಕಣಜಕ್ಕೆ ತುಂಬಿಸಿ ಬೀಗ ಹಾಕಿದ ಒಬ್ಬ ಜನ್ಮಿಯ ಅಂಗಳಕ್ಕೆ ಕೆಲಸದವರು ನುಗ್ಗಿದರು. ಕಣಜದ ಕದ ಒಡೆಯಿತು. ಭತ್ತ ಹೋಯಿತು, ಜನ್ಮಿಯ ಕಾವಲುಗಾರನ ಕೈ ಮುರಿಯಿತು. ಒಂದು ವಾರ ಕಳೆದ ಮೇಲೆ ಪೊಲೀಸರು ಕುಡಿಗೆ ಬಂದು ಗಂಡಸರನ್ನೆಲ್ಲ ಲಾರಿಗೆ ಹತ್ತಿಸಿದರು. ಅವರ ಹಿರಿಯ ಮಾರನ್, ಅವನ ತಮ್ಮಂದಿರು, ಅಳಿಯಂದಿರು, ಎಲ್ಲ ಒಂದೇ ಬಳಗ. ಅವರ ಮೇಲೆ ಕಳವಿನ ಕೇಸು. ಆದರೆ ದೊಡ್ಡ ಕೇಸು ಬಿದ್ದದ್ದು ಮಾತಿ ಎಂಬ ಹೆಂಗಸಿನ ಮೇಲೆ. ಕದ ಒಡೆಯಿರಿ ಎಂದು ಜನರನ್ನು ಎಬ್ಬಿಸಿದವಳು ಅವಳು ಎಂದು ಕುಡಿಯವರೆಲ್ಲ ಹೇಳಿದ್ದರು. ಸಾಬೀತಾದರೆ ವರ್ಷಗಟ್ಟಲೆ ಕಣ್ಣೂರಿನ ಜೈಲು. ಮನೆಯಲ್ಲಿ ಮೊಲೆ ಬಿಟ್ಟು ಇನ್ನೂ ವರ್ಷವಾಗದ ಮಗಳು ಸೀತ ಇದ್ದಳು, ಅವಳನ್ನು ನೋಡಿಕೊಳ್ಳಲು ಕಣ್ಣು ಕಾಣದ ಅತ್ತೆ ನಾರಾಯಣಿ ಒಬ್ಬಳೇ.

ಪೊಲೀಸರ ದೋಷಾರೋಪಣೆಯಲ್ಲಿ ಮಾತಿಯ ಮಾತೆಂದು ಬರೆದದ್ದನ್ನು ಚಿಕ್ಕಮಾದು ಓದಿ ಸುಮ್ಮನೆ ನಕ್ಕಿದ್ದ. "ಜನ್ಮಿ ವರ್ಗವನ್ನು ಬುಡಸಮೇತ ಕಿತ್ತೆಸೆಯೋಣ, ಸಶಸ್ತ್ರ ಹೋರಾಟವೊಂದೇ ನಮಗೆ ದಾರಿ" ಎಂದು ಅಚ್ಚ ಮಲಯಾಳದಲ್ಲಿ ಎರಡು ಸಾಲು. ಸಂತೆಯಲ್ಲಿ ಉಪ್ಪು ಕೇಳಲೂ ಮಲಯಾಳಕ್ಕೆ ತಡಕಾಡುವ ಹೆಂಗಸು ಅದನ್ನು ಹೇಳಿದಳಂತೆ. ಯಾರೋ ಬರೆದ ಕರಪತ್ರವನ್ನು ಇನ್ನಾರೋ ಓದಿ ಮತ್ತಾರದೋ ಬಾಯಿಗೆ ತುರುಕಿದ್ದರು. ಇಂಥವನ್ನು ನೋಡಿ ನೋಡಿ ಅವನಿಗೆ ಸಿಟ್ಟು ಬರುವುದು ಕೂಡ ನಿಂತುಹೋಗಿತ್ತು.

ವಿಚಾರಣೆಯ ದಿನ ಬೆಳಗ್ಗೆ ಮೊದಲ ಸಾಕ್ಷಿ ಅಮ್ಮಿಣಿ. ಜನ್ಮಿಯ ಕೊಟ್ಟಿಗೆಯಲ್ಲಿ ಸಗಣಿ ಬಾಚುವವಳು, ಅದೇ ಕುಡಿಯವಳು. ಸರ್ಕಾರಿ ವಕೀಲ ಕೋಟಿನ ತೋಳು ಎಳೆದುಕೊಳ್ಳುತ್ತ ಎದ್ದು, ಆ ದಿನ ಅಂಗಳದಲ್ಲಿ ಯಾರು ಏನು ಹೇಳಿದರು ಎಂದು ಕೇಳಿದ. ಚಿಕ್ಕಮಾದು ದಾಟಿಸಿದ.

"ಮಾತಿ ಹೇಳ್ದಳು ಸಾಮಿ. ಕದ ಒಡೀರಿ, ಮಕ್ಕ ಹಸ್ದವೆ ಅಂದಳು."

ಬುಡಸಮೇತವೂ ಇಲ್ಲ, ಸಶಸ್ತ್ರವೂ ಇಲ್ಲ. ಆದರೂ ಸರ್ಕಾರಿ ವಕೀಲನ ಮುಖ ಅರಳಿತು. ಹೇಳಿದವಳ ಹೆಸರು ಬಂತಲ್ಲ, ಅವನಿಗೆ ಅಷ್ಟು ಸಾಕಿತ್ತು. ಮಾತಿಯ ಪರ ನಿಂತ ವಕೀಲ ವೇಲಾಯುಧನ್ ಚಿಕ್ಕ ವಯಸ್ಸಿನವನು, ಬಡವರ ಕೇಸುಗಳನ್ನು ಮೈಮೇಲೆ ಎಳೆದುಕೊಂಡು ಬಡವಾದವನು. ಅವನು ಎದ್ದು, "ಹೇಳುವಾಗ ಮಾತಿ ಎಲ್ಲಿ ನಿಂತಿದ್ದಳು?" ಎಂದ.

"ನಿಂತಿರ್ಲಿಲ್ಲ. ಕುಡೀಲಿ ಮಲಗಿದ್ಲು. ಮೈಯೆಲ್ಲ ಜ್ವರ. ನಾನೇ ಗಂಜಿ ಕೊಟ್ಟು ಬಂದಿದ್ದೆ."

"ಹಾಗಾದರೆ ಅಂಗಳಕ್ಕೆ ಬಂದಿರಲಿಲ್ಲವೇ?"

"ಇಲ್ಲ. ಏಳಾಕೇ ಆಗ್ತಿರ್ಲಿಲ್ಲ."

"ಮತ್ತೆ ಕದ ಒಡೆಯಿರಿ ಎಂದದ್ದು ಯಾರು?"

"ಮಾತಿ."

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಸರ್ಕಾರಿ ವಕೀಲ ಚಿಕ್ಕಮಾದುವಿನ ಹತ್ತಿರ ಬಂದು, "ಏನಯ್ಯಾ, ಹೆಂಗಸು ತಲೆ ಕೆಟ್ಟು ಏನೋ ಬಡಬಡಿಸುತ್ತಿದ್ದಾಳೆ. ಜ್ವರದ ಪುರಾಣ ಬಿಡು, ಯಾರು ಹೇಳಿದರು ಎನ್ನುವುದಷ್ಟನ್ನು ಹೇಳು" ಎಂದ, ಮೆಲ್ಲಗೆ. ಚಿಕ್ಕಮಾದು ಅವನ ಮುಖವನ್ನೂ ನೋಡದೆ, ಜ್ವರ, ಗಂಜಿ, ಏಳಲಾಗದ್ದು, ಮಾತಿ ಹೇಳಿದ್ದು, ಎಲ್ಲವನ್ನೂ ಬಂದ ಹಾಗೆಯೇ ಮಲಯಾಳದಲ್ಲಿ ಇಟ್ಟ. ಗುಮಾಸ್ತ ತಲೆ ಕೆರೆದುಕೊಂಡು ಅದನ್ನೇ ಬರೆದುಕೊಂಡ.

ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ದುಭಾಷಿ, ಇದು ಸಾಕ್ಷಿಯ ಗೊಂದಲವೋ ನಿನ್ನದೋ?"

"ಸಾಕ್ಷಿ ಹೇಳಿದ್ದೇ ಇಷ್ಟು, ಸ್ವಾಮಿ."

"ಊಟದ ಬಿಡುವಿನಲ್ಲಿ ತಲೆ ತಣ್ಣಗೆ ಮಾಡಿಕೊಂಡು ಬಾ. ಮುಂದಿನ ಸಾಕ್ಷಿಯೂ ಹೀಗೇ ಆದರೆ ನಾನು ಬೇರೆ ದುಭಾಷಿಯನ್ನು ಕರೆಸಬೇಕಾಗುತ್ತದೆ."

ಇಷ್ಟು ವರ್ಷಗಳಲ್ಲಿ ಆ ಮಾತನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಚಿಕ್ಕಮಾದುವಿಗೆ ನೋವಾಯಿತು. ಅಮ್ಮಿಣಿ ಸುಳ್ಳು ಹೇಳುವವಳಲ್ಲ, ಅವಳ ಮುಖ ನೋಡಿದರೇ ಗೊತ್ತಾಗುತ್ತಿತ್ತು. ತಾನೂ ತಪ್ಪಿಲ್ಲ. ಎರಡೂ ಸರಿಯಿದ್ದು ಮಾತು ಮಾತ್ರ ಹೇಗೆ ಕೆಟ್ಟಿತು ಎಂದು ಯೋಚಿಸಿ ಅವನ ತಲೆ ಚಿಟ್ಟು ಹಿಡಿಯಿತು.

ಕೋರ್ಟಿನ ಹಿಂದೆ ಹಲಸಿನ ಮರದ ಬೊಡ್ಡೆಗೆ ಒರಗಿ ಮಾತಿ ಕೂತಿದ್ದಳು. ವೇಲಾಯುಧನ್ ಅವಳ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಕೈ ತಿರುವಿ ತಿರುವಿ ಏನೋ ಕೇಳಿ ಸಾಕಾಗಿ ಹಣೆ ಒರೆಸಿಕೊಳ್ಳುತ್ತಿದ್ದ. ಚಿಕ್ಕಮಾದುವನ್ನು ಕಂಡು, "ನೀವೇ ಕೇಳಿ ಮಾದಣ್ಣ. ಜೈಲಿನಿಂದ ಜಾಮೀನಿನ ಮೇಲೆ ಬಿಡಿಸಿಕೊಂಡು ಬಂದ ದಿನದಿಂದ ಕೇಳುತ್ತಿದ್ದೇನೆ. ಆ ಮಾತು ನಂದೇ ಎನ್ನುತ್ತಾಳೆ, ಮುಂದೆ ತುಟಿ ಬಿಚ್ಚುವುದಿಲ್ಲ" ಎಂದ.

ಚಿಕ್ಕಮಾದು ಚಾಯದ ಗ್ಲಾಸನ್ನು ಅವಳ ಕೈಗೆ ಕೊಟ್ಟು ಪಕ್ಕದಲ್ಲಿ ಕೂತ. ಮೊಣಕಾಲು ಲಟಕ್ಕೆಂದಿತು.

"ತಂಗಿ, ಅವತ್ತು ನೀನು ಅಂಗಳದಾಗೆ ಇರ್ಲಿಲ್ಲ ಅಲ್ವಾ?"

"ಇರ್ಲಿಲ್ಲ."

"ಮತ್ತೆ ನಂದೇ ಮಾತು ಅಂತೀಯಲ್ಲ. ಆ ವಕೀಲ್ರಿಗೆ ಹುಚ್ಚು ಹಿಡೀತದೆ. ನಂಗೂ ಹಿಡೀತದೆ."

ಮಾತಿ ಚಾಯ ಕುಡಿದು ಮುಗಿಸಿದಳು. ಆಮೇಲೆ ಕಾಡಿನ ಕಡೆಗೆ ಗದ್ದ ಎತ್ತಿ ತೋರಿಸಿದಳು. "ಹೇಳ್ದೋನು ಹೋಗ್ಬುಟ್ಟ ಅಣ್ಣ. ನನ್ನ ತಮ್ಮ. ಅವತ್ತೇ ಕಾಡಿಗೆ ಓಡ್ದ, ನನ್ಗಿದ್ದ ಜ್ವರ ಅವನ್ಗೂ ಬಂತು. ಪೊಲೀಸ್ರು ಬರೋಕೆ ಮುಂಚೆ ಸತ್ತ. ಬಿದಿರ ಮೆಳೆ ಹತ್ರ ಮಣ್ಣು ಮಾಡಿದೊ."

"ಅದನ್ನೇ ಹೇಳಿದ್ರೆ ಆಯ್ತಲ್ಲ. ಅಮ್ಮಿಣಿ ಯಾಕೆ ಹೇಳ್ಲಿಲ್ಲ?"

"ಹೆಂಗೆ ಹೇಳ್ತಾಳೆ? ಹೆಸ್ರು ಇನ್ನೂ ಬಿಟ್ಟಿಲ್ಲ."

ಬಿಡಿಸಿ ಬಿಡಿಸಿ ಕೇಳಿದ ಮೇಲೆ ಚಿಕ್ಕಮಾದುವಿಗೆ ತಿಳಿದದ್ದು ಇಷ್ಟು. ಅವರಲ್ಲಿ ಸತ್ತವನ ಹೆಸರನ್ನು ಬಿಡುವ ದಿನ ಬರುವವರೆಗೆ ಯಾರೂ ಅದನ್ನು ಬಾಯಲ್ಲಿ ತರುವಂತಿಲ್ಲ. ತಂದರೆ ಹೋಗುತ್ತಿರುವವನು ಯಾರೋ ಕರೆದರೆಂದು ತಿರುಗಿ ನೋಡುತ್ತಾನೆ, ದಾರಿ ತಪ್ಪುತ್ತಾನೆ. ಅಲ್ಲಿಯವರೆಗೆ ಸತ್ತವನ ಬಾಯನ್ನು ಬಳಗದ ಒಬ್ಬರು ಹೊರಬೇಕು. ಅವನು ಆಡಿದ ಮಾತೆಲ್ಲ ಹೊತ್ತವರದು. ಅವನು ಯಾರಿಗೋ ಮಾತು ಕೊಟ್ಟಿದ್ದರೆ ಕೊಟ್ಟವರು ಇವರು, ಯಾರನ್ನೋ ಬೈದಿದ್ದರೆ ಬೈದವರೂ ಇವರೇ. ಮದುವೆಯಾಗದ ತಮ್ಮನ ಬಾಯಿ ಅಕ್ಕನ ಪಾಲಿಗೆ ಬಂದಿತ್ತು. ಅಮ್ಮಿಣಿ ಸುಳ್ಳು ಹೇಳಿರಲಿಲ್ಲ. ಅವಳ ಲೆಕ್ಕದಲ್ಲಿ ಮಾತಿ ಹೇಳಿದಳು ಎನ್ನುವುದಕ್ಕಿಂತ ನಿಜವಾದ ಮಾತು ಇನ್ನೊಂದಿರಲಿಲ್ಲ.

"ಹೆಸರು ಬಿಡೋದು ಯಾವಾಗ?"

"ಬಳಗ ಪೂರ್ತಿ ಒಂದೇ ಸೂರಿನಡಿ ಕೂರ್ಬೇಕು. ಗಂಡಸ್ರೆಲ್ಲ ಜೈಲಲ್ಲವ್ರೆ. ಎಲ್ಲಿಂದ ಕೂರೋದು?"

ವೇಲಾಯುಧನ್‌ಗೆ ಇದನ್ನೆಲ್ಲ ಮಲಯಾಳದಲ್ಲಿ ಹೇಳಿದಾಗ ಅವನು ಹಣೆ ಚಚ್ಚಿಕೊಂಡ. "ಚೆನ್ನಾಗಿದೆ ಮಾದಣ್ಣ. ಹೆಸರು ಬಿಡದೆ ಕೇಸು ಬಿಡುವುದಿಲ್ಲ. ಕೇಸು ಬಿಡದೆ ಹೆಸರು ಬಿಡುವುದಿಲ್ಲ. ನಾನು ಎದ್ದು ಇದು ಇವರ ಪದ್ಧತಿ ಎಂದರೆ ಸರ್ಕಾರಿ ವಕೀಲ ನಕ್ಕು ಹಲ್ಲು ಉದುರಿಸಿಕೊಳ್ಳುತ್ತಾನೆ. ಸಾಕ್ಷಿಯ ಬಾಯಿಂದಲೇ ಆ ಹೆಸರು ಬರಬೇಕು." ಅಷ್ಟು ಹೇಳಿ ಅವನು ಕಾಗದ ನೋಡಲು ಒಳಗೆ ಹೋದ. ಅವನ ಬೆನ್ನು ಕೂಡ ದಣಿದಿತ್ತು.

ಮಾತಿ ಕೋರ್ಟಿನ ಹೆಂಚಿನ ಮಾಡನ್ನೇ ನೋಡುತ್ತಿದ್ದಳು.

"ಅಣ್ಣ, ಮಾರನ್‌ನ ಇವತ್ತು ಒಳಗೆ ತಂದವ್ರಲ್ಲ?"

"ತಂದವ್ರೆ. ಎಲ್ಲಾರ್ನೂ ತಂದವ್ರೆ. ಕಟಕಟೇಲಿ ನಿಲ್ಸವ್ರೆ."

"ನಾವು ಹೆಂಗಸ್ರು ಹಿಂದೆ ಕೂತಿದ್ದೊ. ಮುದುಕ ಅಂತ ಪೊಲೀಸ್ರು ಬಿಟ್ಟಿದ್ದ ಕಣ್ಣನ್ ಸಾಕ್ಷಿಗೆ ಬಂದವ್ನೆ. ಅತ್ತೆ ಬ್ಯಾರೆ ಬಳಗದೋಳು, ಕೂಸು ಲೆಕ್ಕಕ್ಕಿಲ್ಲ. ನಮ್ ಬಳಗದಲ್ಲಿ ಇನ್ನೊಬ್ರೂ ಹೊರಗಿಲ್ಲ." ಅವಳು ಅವನ ಕಡೆ ತಿರುಗಿದಳು. "ಒಂದೇ ಸೂರಲ್ವಾ ಅದು?"

ಚಿಕ್ಕಮಾದುವಿಗೆ ಅವಳು ಹೇಳುತ್ತಿರುವುದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಹೊಳೆದ ಮೇಲೆ ಅವನೂ ತಲೆಯೆತ್ತಿ ಆ ಮಾಡನ್ನು ನೋಡಿದ.

"ಹೆಸ್ರನ್ನ ಕೂಗೋನು ಬಳಗದೋನು ಆಗ್ಬಾರ್ದು" ಎಂದಳು ಮಾತಿ. "ಹೊರಗ್ನೋನೇ ಹೊಸ್ತಿಲ ಮೇಲೆ ನಿಂತು ಒಂದು ಸಲ ಕೂಗ್ಬೇಕು. ಬಳಗ ಓ ಅನ್ಬೇಕು. ಅಷ್ಟಾದ್ರೆ ಬಿಡ್ತು. ಆಮ್ಯಾಕೆ ಆರ್ ಬೇಕಾದ್ರೂ ಹೇಳ್ಬೋದು. ಆದ್ರೆ ಕೂಗ್ದೋನು ಮಾರ್ನೆ ದಿನ ಹೊತ್ತು ಹುಟ್ಟೋಗಂಟ ಮಾತಾಡ್ಬಾರ್ದು. ಅವನ ಬಾಯಿಂದ್ಲೇ ಹೋದದ್ದಲ್ವಾ, ಕದ ಹಾಕಿಟ್ಕೋಬೇಕು. ಇಲ್ದಿದ್ರೆ ವಾಪಸ್ ಬತ್ತಾನೆ."

"ಮಾತಾಡ್ದೆ ಇರೋಕೆ ನಾನು ದುಭಾಷಿ ಕಣವ್ವ."

"ಗೊತ್ತು. ಬ್ಯಾರೆ ಆರೂ ಇಲ್ಲ ಅಂತ ಕೇಳ್ದೆ. ಬ್ಯಾಡಾಂದ್ರೆ ಬ್ಯಾಡ."

ಅವಳು ಮತ್ತೆ ಒತ್ತಾಯ ಮಾಡಲಿಲ್ಲ. ಒತ್ತಾಯ ಮಾಡಿದ್ದರೆ ಅವನಿಗೆ ಇಲ್ಲವೆನ್ನುವುದು ಸುಲಭವಾಗುತ್ತಿತ್ತು. ಅವಳ ಸೀರೆಯ ಸೆರಗಿನಲ್ಲಿ ಬೆಲ್ಲದ ಚೂರೊಂದು ಕಟ್ಟಿತ್ತು, ಮಗಳಿಗೆಂದು ಕೊಂಡದ್ದು. ಅದನ್ನು ಅವಳು ಬಿಚ್ಚುತ್ತಿದ್ದಳು, ಮತ್ತೆ ಕಟ್ಟುತ್ತಿದ್ದಳು. ಚಿಕ್ಕಮಾದು ಎದ್ದುಹೋಗಲು ನೋಡಿದ, ಆಗಲಿಲ್ಲ. ಕೊನೆಗೆ, "ಹೆಸರೇನು ಅಂತ ನೀನೂ ಹೇಳೋಹಂಗಿಲ್ವಲ್ಲ. ನಾನು ಏನಂತ ಕೂಗ್ಲಿ?" ಎಂದ.

"ನಿಮ್ ತ್ವಾಟಕ್ಕೆ ಮೆಣಸು ಕುಯ್ಯಾಕೆ ಬತ್ತಿದ್ದ. ಏಣಿಯಿಂದ ಬಿದ್ದು ಮುಂದಿನ ಹಲ್ಲು ಮುರ್ಕೊಂಡಿದ್ನಲ್ಲ."

ಆಗ ಚಿಕ್ಕಮಾದುವಿಗೆ ನೆನಪಾಯಿತು. ಕೆಂಚ. ಬಿದ್ದು, ಬಾಯಿತುಂಬ ರಕ್ತವಿದ್ದರೂ ಎದ್ದು ನಕ್ಕಿದ್ದ. ಅವನು ಸತ್ತದ್ದು ಚಿಕ್ಕಮಾದುವಿಗೆ ಗೊತ್ತೇ ಇರಲಿಲ್ಲ.

ಮಧ್ಯಾಹ್ನ ಕೋರ್ಟು ಕೂತಿತು. ಕಟಕಟೆಯಲ್ಲಿ ಮಾರನ್ ಮತ್ತು ಗಂಡಸರು, ಹಿಂದಿನ ನೆಲದ ಮೇಲೆ ಹೆಂಗಸರು, ಸಾಕ್ಷಿಯ ಜಾಗದಲ್ಲಿ ಬೆನ್ನು ಬಾಗಿದ ಕಣ್ಣನ್. ಬಿಡುವಿನಲ್ಲಿ ಮಾತಿ ಹೆಂಗಸರಿಗೆ ಹೇಳಿದ್ದಳು, ಹೆಂಗಸರು ಕೈಸನ್ನೆಯಲ್ಲಿ ಗಂಡಸರಿಗೆ ಮುಟ್ಟಿಸಿದ್ದರು. ಎಲ್ಲರ ಕಣ್ಣೂ ಚಿಕ್ಕಮಾದುವಿನ ಮೇಲಿತ್ತು. ಮಾರನ್ ಮಾತ್ರ ಕಣ್ಣು ಮುಚ್ಚಿದ್ದ.

"ಕದ ಒಡೆಯಿರಿ ಎಂದವರು ಯಾರು? ಕೇಳು" ಎಂದ ಸರ್ಕಾರಿ ವಕೀಲ.

ಕೇಳಿದರೆ ಕಣ್ಣನ್ ಏನು ಹೇಳುತ್ತಾನೆಂದು ಚಿಕ್ಕಮಾದುವಿಗೆ ಗೊತ್ತಿತ್ತು. ಮಾತಿ ಎನ್ನುತ್ತಾನೆ. ತಾನು ಸಾಕ್ಷಿ ಹೇಳುತ್ತಾನೆ, ಮಾತಿ ಎಂದು ದಾಟಿಸುತ್ತೇನೆ. ಒಂದಕ್ಷರವೂ ತಪ್ಪಿರುವುದಿಲ್ಲ. ತಪ್ಪಿಲ್ಲದ ಆ ಮಾತು ಅವಳನ್ನು ಕಣ್ಣೂರಿಗೆ ಕಳಿಸುತ್ತದೆ. ಇಷ್ಟು ವರ್ಷ ಹೀಗೆ ತಪ್ಪಿಲ್ಲದೆ ದಾಟಿಸಿದ್ದರಲ್ಲಿ ಇನ್ನೆಷ್ಟು ಹೀಗಿದ್ದವೋ ಎಂದು ಒಂದು ಗಳಿಗೆ ಅನ್ನಿಸಿತು. ಅದನ್ನು ಯೋಚಿಸುವ ಶಕ್ತಿ ಅವನಿಗೆ ಇರಲಿಲ್ಲ. ಪ್ರಶ್ನೆಯನ್ನು ಅಲ್ಲಿಯೇ ಬಿಟ್ಟು ಅವನು ಬಾಗಿಲಿನ ಕಡೆ ನಡೆದ.

"ಏಯ್, ಎಲ್ಲಿಗೆ?" ಎಂದ ಗುಮಾಸ್ತ.

ಚಿಕ್ಕಮಾದು ಹೊಸ್ತಿಲ ಮೇಲೆ ನಿಂತು ಒಳಗೆ ಮುಖ ಮಾಡಿದ. ತನ್ನದೇ ದನಿ ಹೇಗಿರುತ್ತದೆಂದು ಅವನಿಗೆ ಮರೆತುಹೋದಂತಿತ್ತು.

"ಕೆಂಚಾ" ಎಂದು ಕೂಗಿದ.

ಕಟಕಟೆಯಿಂದ, ನೆಲದಿಂದ, ಸಾಕ್ಷಿಯ ಜಾಗದಿಂದ ಒಟ್ಟಿಗೆ "ಓ" ಎಂದು ಬಂತು. ಜೋರಾಗಿಯೇನೂ ಇರಲಿಲ್ಲ, ತುಂಬ ಹೊತ್ತಿನಿಂದ ಹಿಡಿದಿಟ್ಟ ಉಸಿರನ್ನು ಬಿಟ್ಟ ಹಾಗಿತ್ತು. ಮಾತಿ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು. ಪೇದೆಗಳು ಲಾಠಿ ಎತ್ತಿ, ಯಾರಿಗೆ ಹೊಡೆಯುವುದೆಂದು ತಿಳಿಯದೆ ಇಳಿಸಿದರು. ಚಿಕ್ಕಮಾದು ತನ್ನ ಜಾಗಕ್ಕೆ ಬಂದು ಎಂದಿನಂತೆ ನಿಂತ.

"ಏನಿದು ಹುಚ್ಚಾಟ?" ಎಂದರು ಮ್ಯಾಜಿಸ್ಟ್ರೇಟರು. "ಯಾರ ಹೆಸರು ಅದು? ಹೇಳು."

ಚಿಕ್ಕಮಾದು ಸುಮ್ಮನೆ ನಿಂತಿದ್ದ.

ಸರ್ಕಾರಿ ವಕೀಲ ಎದ್ದು ನಿಂತ. ಈ ಹೆಸರು ಪೊಲೀಸರ ಯಾವ ಕಾಗದದಲ್ಲೂ ಇಲ್ಲ, ಯಾವ ಸಾಕ್ಷಿಯೂ ಹೇಳಿಲ್ಲ, ದುಭಾಷಿ ಹೊಸದೊಂದು ಹೆಸರನ್ನು ಸೃಷ್ಟಿಸಿ ಸಾಕ್ಷಿಯ ಬಾಯಿಗೆ ಹಾಕುತ್ತಿದ್ದಾನೆ, ನಕ್ಸಲೀಯರು ಇವನನ್ನೂ ಬುಟ್ಟಿಗೆ ಹಾಕಿಕೊಂಡಿದ್ದಾರೆ ಎಂದು ಉಪ್ಪುಖಾರ ಹಚ್ಚಿ ಹೇಳಿದ. ಹೇಳಿದ್ದರಲ್ಲಿ ಮೊದಲರ್ಧ ನಿಜವೇ ಆಗಿತ್ತು.

"ಸಾಕ್ಷಿಗೆ ಈ ಹೆಸರನ್ನು ಹೇಳಿಕೊಟ್ಟದ್ದು ನೀನೇನು?" ಮ್ಯಾಜಿಸ್ಟ್ರೇಟರ ದನಿ ಈಗ ತಣ್ಣಗಾಗಿತ್ತು. ಸಿಟ್ಟಿನ ದನಿಗಿಂತ ಅದು ಕೆಟ್ಟದ್ದು ಎಂದು ಕೋರ್ಟಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಗುಮಾಸ್ತ ಹಳೆಯ ಸ್ನೇಹದಿಂದ ಒಂದು ಕಾಗದ, ಒಂದು ಪೆನ್ನನ್ನು ಮೇಜಿನ ಅಂಚಿಗೆ ಸರಿಸಿದ. ಬರೆದಾದರೂ ಕೊಡು ಎಂದು ಕಣ್ಣಲ್ಲೇ ಹೇಳಿದ. ಚಿಕ್ಕಮಾದು ಪೆನ್ನನ್ನು ನೋಡಿದ. ಬರೆಯಬಾರದು ಎಂದು ಮಾತಿ ಹೇಳಿರಲಿಲ್ಲ. ಆದರೆ ಬರೆದದ್ದೂ ಮಾತೇ. ಈ ಕೋರ್ಟಿನಲ್ಲಂತೂ ಬರೆದದ್ದಷ್ಟೇ ಮಾತು. ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಹೇಳಲು ಅವನಲ್ಲಿ ಇಷ್ಟೊಂದು ಮಾತು ಯಾವತ್ತೂ ತುಂಬಿರಲಿಲ್ಲ.

ವೇಲಾಯುಧನ್ ಎದ್ದ. "ಸ್ವಾಮಿ, ದುಭಾಷಿಯ ವಿಚಾರ ಆಮೇಲೆ ನೋಡಬಹುದು. ಬೆಳಗಿನ ಹೇಳಿಕೆಯನ್ನು ಒಮ್ಮೆ ಓದಿಸಬೇಕು. ಆಗ ಈ ಹೆಸರಿನ ಮಾತೇ ಬಂದಿರಲಿಲ್ಲ."

ಗುಮಾಸ್ತ ಓದಿದ. ಜ್ವರ, ಗಂಜಿ, ಏಳಲಾಗದ್ದು. ಬೆಳಗ್ಗೆ ನಗು ಬಂದಿದ್ದ ಮಾತಿಗೆ ಈಗ ಯಾರೂ ನಗಲಿಲ್ಲ. ಮಾತಿ ಅಂಗಳದಲ್ಲಿ ಇರಲಿಲ್ಲವೆಂದು ಸರ್ಕಾರಿ ವಕೀಲನೇ ಕರೆಸಿದ ಸಾಕ್ಷಿ ಹೇಳಿದ್ದು ಅಲ್ಲಿ ಕಪ್ಪು ಅಕ್ಷರದಲ್ಲಿ ಇತ್ತು, ಯಾರೂ ಅದನ್ನು ನಯ ಮಾಡಿರಲಿಲ್ಲ.

ಮ್ಯಾಜಿಸ್ಟ್ರೇಟರು ಬಹಳ ಹೊತ್ತು ಕಣ್ಣನ್‌ನನ್ನೇ ನೋಡಿದರು. ಆಮೇಲೆ ದುಭಾಷಿಯ ಕಡೆ ತಿರುಗಿಯೂ ನೋಡದೆ, ತಾವೇ ಮುಂದೆ ಬಾಗಿ, ಕದ ತಳ್ಳಿದ ಹಾಗೆ ಕೈಸನ್ನೆ ಮಾಡಿ, "ಆರ್?" ಎಂದರು. ಯಾರು ಎನ್ನುವುದಕ್ಕೆ ಮಲಯಾಳದಲ್ಲೂ ಕಾಡಿನವರ ಬಾಯಲ್ಲೂ ಅದೇ ಮಾತು.

"ಕೆಂಚ" ಎಂದ ಕಣ್ಣನ್.

ಅಮ್ಮಿಣಿಯನ್ನು ಎಬ್ಬಿಸಿ ಕೇಳಿದರು. ಅವಳೂ ಕೆಂಚ ಎಂದಳು. ಅವನು ಎಲ್ಲಿ ಎಂದು ಮ್ಯಾಜಿಸ್ಟ್ರೇಟರು ಕೈ ತಿರುಗಿಸಿ ಕೇಳಿದಾಗ ಮಾರನ್ ಕಟಕಟೆಯ ಕಂಬಿಯಿಂದ ಕೈ ಚಾಚಿ ನೆಲ ತೋರಿಸಿದ. ಅದನ್ನು ದಾಟಿಸಲೂ ಯಾರೂ ಬೇಕಾಗಲಿಲ್ಲ. ನಡುವೆ ನಿಂತ ಚಿಕ್ಕಮಾದುವಿಗೆ, ಇಷ್ಟು ವರ್ಷ ಇವರು ಒಬ್ಬರನ್ನೊಬ್ಬರು ಹೀಗೆ ಕೇಳಿದ್ದರೆ ಸಾಕಿತ್ತೇನೋ ಅನ್ನಿಸಿತು. ಅದು ಹಗುರವೂ ಆಗಿತ್ತು, ಚುಚ್ಚಿಯೂ ಚುಚ್ಚಿತು.

ಏಳುವ ಮುಂಚೆ ಮ್ಯಾಜಿಸ್ಟ್ರೇಟರು, "ನಾಳೆಯಿಂದ ನೀನು ಬರಬೇಕಾಗಿಲ್ಲ" ಎಂದರು. ಅವನು ತಲೆ ಬಾಗಿಸಿದ.

ಹೊರಗೆ ಜಗುಲಿಯ ಮೇಲೆ ಮಾತಿ ಕಂಬಕ್ಕೆ ಒರಗಿ ಕೂತಿದ್ದಳು. ಗಂಡಸರನ್ನು ಮತ್ತೆ ಲಾರಿಗೆ ಹತ್ತಿಸುತ್ತಿದ್ದರು. ಅವಳು ಮೆಲ್ಲಗೆ "ಕೆಂಚ" ಎಂದಳು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ "ಕೆಂಚ" ಎಂದಳು. ಅಷ್ಟು ತಿಂಗಳು ಒಳಗೆ ಕಟ್ಟಿಟ್ಟಿದ್ದ ಹೆಸರಿಗೆ ಈಗ ತಡೆಯಿರಲಿಲ್ಲ. ಅಳು ಅದರ ಹಿಂದೆಯೇ ಬಂತು.

"ಬಾಯಿ ಹಗುರಾಯ್ತು ಮಾದಣ್ಣ" ಎಂದಳು. "ಎದೆ ಹಗುರಾಗ್ಲಿಲ್ಲ. ಹೊತ್ಕೊಂಡಿರೋಗಂಟ ನನ್ ಹತ್ರಾನೇ ಇದ್ದ."

ಅಳಬೇಡ ಎನ್ನುವುದಕ್ಕೂ ಅವನಿಗೆ ಬಾಯಿರಲಿಲ್ಲ. ಅವಳ ಪಕ್ಕದಲ್ಲಿ ಕೂತ. ತಂಗಾಳಿ ಬೀಸಿ ಬಸ್ಸಿನ ಹೊತ್ತಾಗುವವರೆಗೂ ಇಬ್ಬರೂ ಹಾಗೆಯೇ ಕೂತಿದ್ದರು.

ಸಂಜೆ ಮನೆಯಲ್ಲಿ ಮಲ್ಲಿಗಮ್ಮ ಕೇಳಿದ್ದಕ್ಕೆಲ್ಲ ತಲೆಯಾಡಿಸಿದ. ಮೊದಲು ಅವಳು ಬೈದಳು, ಆಮೇಲೆ ಹೆದರಿ ಹಣೆ ಮುಟ್ಟಿ ನೋಡಿದಳು, ಕೊನೆಗೆ ಏನೋ ಆಗಿದೆ ಎಂದು ತಿಳಿದು ಸುಮ್ಮನೆ ಹಾಸಿಗೆ ಹಾಸಿಕೊಟ್ಟಳು. ಬೆಳಗ್ಗೆ ಮೆಣಸಿನ ಬಳ್ಳಿಗಳ ಮೇಲೆ ಬಿಸಿಲು ಬಿದ್ದಾಗ ಅವನು ಹೊಸ್ತಿಲಲ್ಲಿ ಕೂತಿದ್ದ.

"ಕೆಲಸ ಹೋಯ್ತು ಕಣೆ" ಎಂದ.

"ಸದ್ಯ, ಬಾಯಿ ಬಂತಲ್ಲ" ಎಂದಳು ಮಲ್ಲಿಗಮ್ಮ. ಅವಳ ಕಣ್ಣಲ್ಲಿ ನೀರಿತ್ತು. ಅವನು ಆ ದಿನ ಮಧ್ಯಾಹ್ನದವರೆಗೂ ಅವಳ ಹತ್ತಿರ ಮಾತಾಡಿದ.

ಮುಂದಿನ ವಾಯಿದೆಯ ದಿನ ಅವನು ಕೋರ್ಟಿಗೆ ಹೋಗಿ ಹಲಸಿನ ಮರದ ಕೆಳಗೆ ಕೂತ. ಒಳಗೆ ಅವನ ಜಾಗದಲ್ಲಿ ಇಸ್ತ್ರಿ ಅಂಗಿಯ ಒಬ್ಬ ಯುವಕ ನಿಂತಿದ್ದ. ಗಂಡಸರ ಕೇಸು ಎಳೆಯುತ್ತಲೇ ಇತ್ತು, ಇನ್ನೆಷ್ಟು ಸುಗ್ಗಿಯವರೆಗೆ ಎಳೆಯುತ್ತದೋ ಯಾರಿಗೂ ಗೊತ್ತಿರಲಿಲ್ಲ. ಆದರೆ ಮಾತಿಯನ್ನು ಬಿಟ್ಟರು. ಅವಳು ಸೀತಳನ್ನು ಕಂಕುಳಲ್ಲಿ ಎತ್ತಿಕೊಂಡು ಬಂದು, ಅವನ ಮುಂದೆ ಒಂದು ಕಟ್ಟು ಕಾಡುಗೆಣಸು ಇಟ್ಟು ಹೋದಳು.

ವೇಲಾಯುಧನ್ ಆದೇಶದ ಪ್ರತಿ ಹಿಡಿದುಕೊಂಡು ಬಂದ. ಅವನ ಮುಖ ಕೆಂಪಾಗಿತ್ತು. "ಗೆದ್ದೆವು ಮಾದಣ್ಣ. ಆದರೆ ನಿಮ್ಮ ಬಗ್ಗೆ ಒಂದು ಸಾಲು ಬರೆದಿದ್ದಾರೆ, ಕೇಳಿ." ಅವನು ಓದಿದ.

"ಕೆಂಚ ಎಂಬ ಹೆಸರನ್ನು ಈ ನ್ಯಾಯಾಲಯದಲ್ಲಿ ಮೊದಲು ಹೇಳಿದ್ದು ಯಾವ ಸಾಕ್ಷಿಯೂ ಅಲ್ಲ. ಹೇಳಿದ್ದು ದುಭಾಷಿ ಚಿಕ್ಕಮಾದು."

ಮರದಿಂದ ಒಂದು ಎಲೆ ಕಾಗದದ ಮೇಲೆ ಬಿತ್ತು. ವೇಲಾಯುಧನ್ ಅದನ್ನು ಕೊಡವಿದ. "ಇದು ನಿಮಗೆ ಕಪ್ಪು ಚುಕ್ಕೆ. ಮೇಲಿನ ಕೋರ್ಟಿಗೆ ಅರ್ಜಿ ಹಾಕಿ ಈ ಸಾಲನ್ನು ತೆಗೆಸುತ್ತೇನೆ. ನೀವು ಅವರ ಪರವಾಗಿ ಕೂಗಿದಿರಿ ಅಷ್ಟೆ, ಆ ಮಾತು ನಿಮ್ಮದಲ್ಲ ಎಂದು ವಾದಿಸಬಹುದು."

ಚಿಕ್ಕಮಾದು ಕಾಗದವನ್ನು ಕೈಗೆ ತೆಗೆದುಕೊಂಡು ತನ್ನ ಹೆಸರಿದ್ದ ಕಡೆ ಬೆರಳಿಟ್ಟು, ತಾನೇ ಒಮ್ಮೆ ಓದಿಕೊಂಡ.

"ಬ್ಯಾಡ ವಕೀಲ್ರೇ, ಹಂಗೇ ಇರ್ಲಿ" ಎಂದ. "ಸರಿಯಾಗೇ ಬರ್ದವ್ರೆ. ಆ ಮಾತು ನಂದೇ."